ದಡ್ಡ ಎನ್ನುವ ಮುನ್ನ

ಸರ್ಕಾರಿ ಶಾಲೆಯ ಮೇಷ್ಟ್ರೇ, ಟೀಚರಮ್ಮ, ನಿಮ್ಮ ತರಗತಿಯಲ್ಲೂ ಇಂಥದೊಂದು ಮಗು ಇದ್ದೀತು. ಸಂತೆಯ ಲೆಕ್ಕವನ್ನು ಬಾಯಲ್ಲೇ ತಟ್ಟನೆ ಹೇಳುತ್ತದೆ. ಪುಸ್ತಕ ಹಿಡಿದರೆ 'ಪ', 'ಷ' ಅದಲುಬದಲು, ಒತ್ತಕ್ಷರ ಬಂದಲ್ಲೆಲ್ಲ ತಡವರಿಕೆ. ಅದನ್ನು ಸೋಮಾರಿತನ ಎಂದು ಗದರಬೇಡಿ. ಕಲಿಕಾ ನ್ಯೂನತೆ ಇದ್ದರೂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಅದೂ ಒಂದು.

ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಎಲ್ಲರೆದುರು ಗಟ್ಟಿಯಾಗಿ ಓದು ಎಂದು ನಿಲ್ಲಿಸಬೇಡಿ. ತಟ್ಟೆಯಲ್ಲಿ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸಿ. ತಿದ್ದುತ್ತಲೇ ಅದನ್ನು ಬಾಯಲ್ಲೂ ಹೇಳಲಿ. ದಿನಕ್ಕೆ ಎರಡೇ ಅಕ್ಷರವಾದರೂ ಸರಿ. ಬರೆಯಲಾಗದ ಉತ್ತರವನ್ನು ಬಾಯಿಂದ ಕೇಳಿ. ಗೊತ್ತಿರುವುದು ಎಷ್ಟೆಂದು ಆಗ ತಿಳಿಯುತ್ತದೆ.

ತೊಡಕು ಹಾಗೇ ಉಳಿದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿಗೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ನ್ಯೂನತೆ ಇದೆಯೆಂದು ವೈದ್ಯಕೀಯ ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ, ಉತ್ತರ ಬರೆದುಕೊಡುವ ಸಹಾಯಕರಿಗೆ ಅರ್ಜಿ ಹಾಕಬಹುದು. ಇದು ಯಾರೋ ತೋರುವ ಕರುಣೆಯಲ್ಲ, ಮಗುವಿನ ಹಕ್ಕು.

ಅಪ್ಪ-ಅಮ್ಮನನ್ನೂ ಕರೆಸಿ. ದೂರು ಹೇಳಲಿಕ್ಕಲ್ಲ, ಈ ವಾರ ಮಗು ಹೊಸದಾಗಿ ಕಲಿತದ್ದನ್ನು ತೋರಿಸಲಿಕ್ಕೆ. ನೀವು ಕೈಬಿಡದಿದ್ದರೆ ಆ ಮಗು ಶಾಲೆ ಬಿಡುವುದಿಲ್ಲ.