ಜಾವಾ ಎಂಬ ಕಂಪ್ಯೂಟರ್ ಭಾಷೆ

ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ. ನಾವು ಹೇಳಿದಷ್ಟೇ ಮಾಡುತ್ತದೆ. ಹಾಗೆ ಹೇಳಲು ಇರುವ ಭಾಷೆಗಳಲ್ಲಿ ಜಾವಾ ಒಂದು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಸಂಗಡಿಗರು 1991ರಲ್ಲಿ ಶುರುಮಾಡಿ 1995ರಲ್ಲಿ ಹೊರತಂದರು. ಮೊದಲ ಹೆಸರು ಓಕ್, ಅದು ಒಂದು ಮರ. ಆ ಹೆಸರು ಆಗಲೇ ಬೇರೆಯವರದಾಗಿತ್ತು, ಅದಕ್ಕೆ ಬದಲಿಸಿದರು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕಂಪನಿ ಕೊಂಡಿತು.

ಒಂದೊಂದು ಬಗೆಯ ಕಂಪ್ಯೂಟರಿನ ಒಳಮಾತು ಒಂದೊಂದು ತರಹ. ಒಂದಕ್ಕೆ ತಯಾರಾದ ಪ್ರೋಗ್ರಾಂ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಜಾವಾದಲ್ಲಿ ನಾವು ಬರೆದದ್ದು ಮೊದಲು ಬೈಟ್‌ಕೋಡ್ ಎಂಬ ನಡುವಿನ ಭಾಷೆಗೆ ತಿರುಗುತ್ತದೆ. ಕಂಪ್ಯೂಟರಿನೊಳಗೆ ಜೆ.ವಿ.ಎಂ. ಎಂಬ ದುಭಾಷಿ ಇದ್ದರೆ ಸಾಕು, ಅದು ಬೈಟ್‌ಕೋಡ್ ಓದಿ ಆ ಕಂಪ್ಯೂಟರಿನ ಮಾತಿನಲ್ಲಿ ಹೇಳುತ್ತದೆ. ನಮ್ಮ ಸಿರುಗುಪ್ಪದ ಕಡೆ ಕನ್ನಡ, ತೆಲುಗು ಎರಡೂ ಬಲ್ಲವರು ಓಣಿಗೊಬ್ಬರು ಇರ್ತಾರಲ್ಲ, ಹಂಗ.

ಇನ್ನು ಕ್ಲಾಸ್ ಮತ್ತು ಆಬ್ಜೆಕ್ಟ್. (ಇದು ಏಳನೇ ಕ್ಲಾಸ್ ಅಲ್ಲ!) ಬಳ್ಳಾರಿಯಲ್ಲಿ ಜೀನ್ಸ್ ಹೊಲೆಯುವವರು ಮೊದಲು ಪ್ಯಾಟರ್ನ್ ಕತ್ತರಿಸುತ್ತಾರೆ. ಪ್ಯಾಟರ್ನನ್ನು ಯಾರೂ ತೊಡುವುದಿಲ್ಲ, ಅದರಿಂದ ಎಷ್ಟೋ ಪ್ಯಾಂಟ್ ಆಗುತ್ತವೆ. ಪ್ಯಾಟರ್ನ್ ಅಂದರೆ ಕ್ಲಾಸ್, ಪ್ಯಾಂಟ್ ಅಂದರೆ ಆಬ್ಜೆಕ್ಟ್. ಆದರೆ ಪ್ಯಾಂಟ್ ಸುಮ್ಮನೆ ಇರುತ್ತದೆ, ಆಬ್ಜೆಕ್ಟ್ ಕೆಲಸವನ್ನೂ ಮಾಡುತ್ತದೆ. 'ಚೀಲ' ಎಂಬ ಕ್ಲಾಸ್ ಬರೆದೆವು ಅನ್ನಿ. ಅದಕ್ಕೆ 'ತೂಕ' ಎಂಬ ಗುಣ, 'ತೆಗೆ' ಎಂಬ ಕೆಲಸ. 75 ಕಿಲೋ ಭತ್ತದ ಚೀಲಕ್ಕೆ 5 ತೆಗೆ ಅಂದರೆ ತೂಕ 70 ಆಗುತ್ತದೆ. ಪಕ್ಕದ ಚೀಲ 75 ಇದ್ದದ್ದು 75ಏ. 100 ತೆಗೆ ಅಂದರೆ 'ಅಷ್ಟು ಇಲ್ಲ' ಎನ್ನುವಂತೆ ಮೊದಲೇ ಬರೆದಿಡಬಹುದು. ತೂಕವನ್ನು 'ಪ್ರೈವೇಟ್' ಮಾಡಿದರೆ ಹೊರಗಿನಿಂದ ಯಾರೂ ನೇರ ಕೈಹಾಕುವಂತಿಲ್ಲ, 'ತೆಗೆ' ಮೂಲಕವೇ ಬರಬೇಕು. ಇದನ್ನು ಓದಿ ಹೇಳಿದಾಗ ನಮ್ಮಪ್ಪ, "ತೂಕದ ಕಾಟಾಕ್ಕೂ ಇಂಥಾದ್ದೊಂದು ಬೇಕಿತ್ತು ನೋಡು" ಅಂದರು. ಕುರುಗೋಡು ಕಡೆಯ ಮೆಣಸಿನಕಾಯಿ ಚೀಲಕ್ಕೆ ಎಲ್ಲಾ ಹೊಸದಾಗಿ ಬರೆಯಬೇಕಿಲ್ಲ. 'ಚೀಲ'ದ ಗುಣಗಳು ತಾಯಿಯಿಂದ ಮಗಳಿಗೆ ಬಂದಂತೆ ಬರುತ್ತವೆ, 'ಖಾರ' ಎಂಬುದೊಂದು ಸೇರಿಸಿದರಾಯಿತು.

ಕನ್ನಡ ಮೀಡಿಯಂನವರಿಗೆ ಇದೆಲ್ಲಾ ಆಗೋದಲ್ಲ ಅಂತ ಕೆಲವರು ಅಂತಾರೆ. ನಾನು ಒಪ್ಪುವುದಿಲ್ಲ. ಜಾವಾ ಬಳಸುವುದು ಯುನಿಕೋಡ್ ಎಂಬ ಅಕ್ಷರಪಟ್ಟಿ. ಅದರಲ್ಲಿ 1991ರಿಂದಲೇ ಕನ್ನಡ ಇದೆ. ಚೀಲ, ತೂಕ ಎಂಬ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದರೂ ಜಾವಾ ಒಪ್ಪುತ್ತದೆ. ಕ್ಲಾಸ್, ಇಫ್, ಪ್ರೈವೇಟ್ ಇಂಥ ಸುಮಾರು 50 ಪದಗಳು ಇಂಗ್ಲಿಷಿನಲ್ಲೇ ಇರಬೇಕು. ಅದರಲ್ಲಿ ಸಿದ್ಧವಾಗಿ ಬರುವ ಕ್ಲಾಸುಗಳ ಹೆಸರೂ ಇಂಗ್ಲಿಷೇ. 50 ಪದ ಅಂದರೆ ನಮ್ಮ ಒಂದು ವಾರದ ಡಿಕ್ಟೇಷನ್!

ಕಂಪ್ಯೂಟರ್ ಸಿಗದವರು ನೋಟ್‌ಬುಕ್ಕಿನಲ್ಲಿ 'ಎಮ್ಮೆ' ಎಂಬ ಕ್ಲಾಸ್ ಬರೆಯಿರಿ. ಗುಣಗಳು ಯಾವುವು, ಕೆಲಸಗಳು ಯಾವುವು? ಬರೆದದ್ದನ್ನು ಈ ಹಾಳೆಯ ಕೆಳಗೆ ಅಂಟಿಸಿರಿ. ಗೋಂದು ಆಫೀಸ್ ರೂಮಿನಲ್ಲಿದೆ.