ಬೇನೆಗೊಂದು ಹೆಸರು

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಊರಿನಲ್ಲಿ ಒಬ್ಬ ರೈತನಿದ್ದಾನೆಂದು ಭಾವಿಸೋಣ. ರಾಗಿ ಕೊಯ್ಲಿನ ಕಾಲ. ಆದರೂ ಅವನು ಜಗಲಿ ಬಿಟ್ಟು ಏಳನು. ನಸುಕಿನ ಮೂರು ಗಂಟೆಗೇ ಎಚ್ಚರವಾದರೆ ಮತ್ತೆ ನಿದ್ರೆ ಹತ್ತದು. ಊಟ ರುಚಿಸದು. ಮೊಮ್ಮಗ ಬಂದು ಕೊರಳಿಗೆ ಜೋತುಬಿದ್ದರೂ ಮುಖ ಅರಳದು. ಹೀಗೆಯೇ ತಿಂಗಳು ಕಳೆದಿದೆ. ನೆರೆಯವರೊಬ್ಬರು "ಗಾಳಿ ಸೋಕಿದೆ" ಎನ್ನುವರು. ಇನ್ನೊಬ್ಬರು "ಸೋಮಾರಿತನ" ಎನ್ನುವರು. ಹೆಂಡತಿ ಮಾತ್ರ "ಇವರಿಗೆ ಮಂಕು ಕವಿದಿದೆ" ಎಂದು ಕಣ್ಣೀರಿಡುವಳು. ಗಾಳಿಯೆಂದರೆ ಮಂತ್ರವಾದಿಯ ಮನೆಗೆ ದಾರಿ. ಸೋಮಾರಿತನವೆಂದರೆ ಬೈಗುಳಕ್ಕೆ ದಾರಿ. ಆ ಹೆಣ್ಣುಮಗಳ ಮಾತೇ ಸತ್ಯಕ್ಕೆ ಹತ್ತಿರವಾದುದು. ವೈದ್ಯರು ಈ ಮಂಕನ್ನು 'ಖಿನ್ನತೆ' ಎಂದು ಕರೆಯುವರು.

ದುಃಖವೆಲ್ಲವೂ ಖಿನ್ನತೆಯಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ, ಮನಸ್ಸು ಕುಗ್ಗಿ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ರೆ ಹಸಿವುಗಳು ಕೆಟ್ಟು ಕೆಲಸಕಾರ್ಯ ನಿಂತಾಗ ವೈದ್ಯರು ಆ ಹೆಸರನ್ನು ಬಳಸುತ್ತಾರೆ. 'ಆತಂಕ'ವೆಂಬುದು ಇನ್ನೊಂದು ಬೇನೆ. ನಮ್ಮ ಹಿರಿಯರು 'ಕಳವಳ' ಎಂದದ್ದು ಇದನ್ನೇ ಇರಬೇಕು. ಇದರಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಮಲಗಿದರೆ ಬೇಗ ನಿದ್ರೆ ಬಾರದು. ಖಿನ್ನನಾದವನಿಗಾದರೋ ಹಲವೊಮ್ಮೆ ಬಂದ ನಿದ್ರೆ ನಸುಕಿನಲ್ಲೇ ಮುರಿಯುತ್ತದೆ. ಎಲ್ಲರಲ್ಲಿಯೂ ಹೀಗೆಯೇ ಎನ್ನಲಾಗದು. ಆದರೂ ಮನೋವೈದ್ಯರು ನಿದ್ರೆಯ ವಿಚಾರವನ್ನು ಬಿಡದೆ ಕೇಳುವುದು ಇದಕ್ಕಾಗಿಯೇ.

ಈ ಭೇದಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿದ ಮಾತು 'ಹುಚ್ಚು'. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆದವು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರು ಬಹುಕಾಲ ಉಳಿಯಿತು! ಅಲ್ಲಿಗೆ ಹೋಗಿಬಂದವನಿಗೆ ಹೆಣ್ಣು ಕೊಡಲು ಹಿಂಜರಿದವರು ಎಷ್ಟೋ ಮಂದಿ.

ಹೆಸರಿನ ಭಾರವನ್ನು ಜಪಾನಿನವರು ಚೆನ್ನಾಗಿ ಅರಿತರು. ಸ್ಕಿಜೋಫ್ರೇನಿಯ ಎಂಬ ಬೇನೆಯಲ್ಲಿ ಇಲ್ಲದ ಧ್ವನಿಗಳು ಕೇಳಿಸುವುದುಂಟು, ಅಕಾರಣ ಸಂಶಯಗಳು ಮೂಡುವುದುಂಟು. ಅವರ ಭಾಷೆಯಲ್ಲಿ ಅದಕ್ಕೆ 'ಮನಸ್ಸು ಸೀಳಿದ ರೋಗ'ವೆಂಬ ಹೆಸರಿತ್ತು. ರೋಗಿಗೆ ಅದನ್ನು ಹೇಳಲು ವೈದ್ಯರೇ ಅಂಜುತ್ತಿದ್ದರು. 2002ರಲ್ಲಿ 'ಹೊಂದಿಕೆ ತಪ್ಪಿದ ಸ್ಥಿತಿ' ಎಂಬರ್ಥದ ಹೊಸ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ, ತಮ್ಮ ಬೇನೆ ಯಾವುದೆಂದು ವೈದ್ಯರಿಂದಲೇ ತಿಳಿದ ರೋಗಿಗಳ ಸಂಖ್ಯೆ ಬಹಳ ಏರಿತು.

ಕನ್ನಡದಲ್ಲಿಯೂ ಈ ವಿಷಯವನ್ನು ಬರೆದವರಿದ್ದಾರೆ. 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ನಗಿಸಬಲ್ಲವರೇ ಅಳುವ ಮನಸ್ಸನ್ನು ಬಲ್ಲರೇನೊ!

ನಮ್ಮ ರೈತನ ಕಥೆಗೆ ಮರಳೋಣ. ಹೆಂಡತಿ ಅವನನ್ನು ವೈದ್ಯರಲ್ಲಿಗೆ ಕರೆತಂದಳೆನ್ನಿ. ಈಗ ಊರಲ್ಲಿದ್ದೇ 14416ಕ್ಕೆ ದೂರವಾಣಿ ಮಾಡಿ, ಕನ್ನಡದಲ್ಲಿಯೇ, ಹಣವಿಲ್ಲದೆ ಸಲಹೆ ಕೇಳಲೂಬಹುದು. "ಇವೆಲ್ಲ ನಿದ್ರೆ ಗುಳಿಗೆಗಳು, ಅಭ್ಯಾಸವಾಗಿಬಿಡುತ್ತವೆ" ಎಂದು ಯಾರಾದರೂ ಹೆದರಿಸದಿರರು. ಖಿನ್ನತೆಯ ಔಷಧಗಳು ನಿದ್ರೆ ಗುಳಿಗೆಗಳಲ್ಲ. ಅವುಗಳ ಗುಣ ಚೆನ್ನಾಗಿ ಕಾಣಲು ಎರಡರಿಂದ ಆರು ವಾರ ಬೇಕು. ವಾರದೊಳಗೇ ಬೇಸತ್ತು ಬಿಡುವವರು, ತುಸು ಹಗುರವಾದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸುವವರು, ಇಬ್ಬರೂ ಮತ್ತೆ ಕಷ್ಟಕ್ಕೆ ಬೀಳುವರು. ಸಾಮಾನ್ಯವಾಗಿ ಮೊದಲು ಮರಳುವುದು ನಿದ್ರೆ ಮತ್ತು ಹಸಿವು. ಮುಖದ ನಗೆ ಬರುವುದು ಸ್ವಲ್ಪ ತಡ.