ನರ್ಸಿಂಗ್ ಸಾಲಕ್ಕೆ ಮೊದಲ ಸಂಬಳವೇ ಅಳತೆ

ಪಿಯುಸಿ ಫಲಿತಾಂಶ ಬಂದ ವಾರವೇ ನಂಜನಗೂಡು, ತಿ. ನರಸೀಪುರದ ಕಡೆ ಅಡ್ಮಿಷನ್ ಏಜೆಂಟರ ಓಡಾಟ ಶುರುವಾಗುತ್ತದೆ. ಅವರ ಮಾತು ಒಂದೇ: ನರ್ಸಿಂಗ್ ಓದಿದವರು ಕೆಲಸವಿಲ್ಲದೆ ಕೂತದ್ದುಂಟೇ? ಕೂರುವುದಿಲ್ಲ, ನಿಜ. ಕೆಲಸ ಸಿಕ್ಕರೆ ಸಾಲ ತೀರುತ್ತದೆ ಎಂಬುದು ಮಾತ್ರ ಆ ಮಾತಿನೊಳಗೆ ಸೇರಿಸಿ ಮಾರುವ ಸುಳ್ಳು. ಮಗಳ ಸಾಲಕ್ಕೆ ಸಹಿ ಹಾಕಿ ಇವತ್ತಿಗೂ ಕಂತು ಕಟ್ಟುತ್ತಿರುವ ನಾನು ಹೇಳುವುದಿಷ್ಟು: ಎಷ್ಟು ಸಾಲ ಮಾಡಬಹುದು ಎಂಬುದನ್ನು ದುಬೈ, ಜರ್ಮನಿಯ ಸಂಬಳ ನೋಡಿ ತೀರ್ಮಾನಿಸಬೇಡಿ. ಮೈಸೂರಿನ ಖಾಸಗಿ ಆಸ್ಪತ್ರೆಗಳು ಹೊಸಬರಿಗೆ ಮೊದಲ ಎರಡು ವರ್ಷ ಕೈಗೆ ಕೊಡುವ ಹಣ ನೋಡಿ ತೀರ್ಮಾನಿಸಿ.

ಲೆಕ್ಕ ಬಿಡಿಸಿ ನೋಡೋಣ. ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಕೋರ್ಸ್. ವರ್ಷಕ್ಕೆ 1 ಲಕ್ಷದಂತೆ ಬ್ಯಾಂಕಿನಿಂದ 4 ಲಕ್ಷ ಎತ್ತಿದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆ ಐದು ವರ್ಷವೂ ಬಡ್ಡಿ ಓಡುತ್ತಲೇ ಇರುತ್ತದೆ ಎಂಬುದು ಸ್ಟೇಟ್‌ಮೆಂಟ್ ಕೈಗೆ ಬಂದಾಗಲೇ ಕಣ್ಣಿಗೆ ಬೀಳುವುದು. ಸರಳ ಬಡ್ಡಿಯಲ್ಲೇ ಮೊದಲ ವರ್ಷ ಎತ್ತಿದ ಲಕ್ಷಕ್ಕೆ 50 ಸಾವಿರ, ಎರಡನೆಯದಕ್ಕೆ 40, ಮುಂದಿನವಕ್ಕೆ 30 ಮತ್ತು 20. ಮೊದಲ ಕಂತು ಕಟ್ಟುವ ದಿನ ಸಾಲ 5 ಲಕ್ಷ 40 ಸಾವಿರ. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 10 ಲಕ್ಷ ದಾಟುತ್ತದೆ. ಹುಡುಗಿಯ ಕೈಗೆ 15 ಸಾವಿರ ಬಂದರೆ ಅರ್ಧದಷ್ಟು ಬ್ಯಾಂಕಿಗೆ, ಉಳಿದದ್ದರಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸು.

ಹದಿನೈದು ಸಾವಿರ ಎಂದದ್ದು ತೀರಾ ಕಡಿಮೆಯಾಯಿತು ಎನ್ನುವವರು 2016ನ್ನು ನೆನಪಿಸಿಕೊಳ್ಳಲಿ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ರಚಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20 ಸಾವಿರ, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತು. ಎಲ್ಲೆಡೆ ಅಷ್ಟು ಕೊಡುತ್ತಿದ್ದರೆ ಆ ಶಿಫಾರಸಿನ ಅಗತ್ಯವೇ ಇರಲಿಲ್ಲ. ಬ್ಯಾಂಕ್ ಸಾಲ ಒಂದರಲ್ಲೇ ಮುಗಿಯುವುದೂ ಇಲ್ಲ. ಹಾಸ್ಟೆಲ್, ಯೂನಿಫಾರಂ, ಪರೀಕ್ಷಾ ಶುಲ್ಕಕ್ಕೆ ತಾಯಿ ಸಂಘದಲ್ಲೋ ಮೈಕ್ರೋಫೈನಾನ್ಸ್‌ನಲ್ಲೋ ಎತ್ತುತ್ತಾಳೆ, ಅದಕ್ಕೆ ವಾರದ ಕಂತು. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಇಂಥ ಕಂತಿನ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಮರುತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದಿತು. ಓದಿನ ಸಾಲವನ್ನು ಈ ಸಾಲದಿಂದ ಬೇರೆ ಮಾಡಿ ನೋಡುವ ಬ್ಯಾಂಕ್ ಮ್ಯಾನೇಜರು ನಮ್ಮ ಮನೆಗಳ ಲೆಕ್ಕ ಬಲ್ಲವರಲ್ಲ.

ವಿದೇಶಕ್ಕೆ ಹೋದರೆ ಒಂದೇ ವರ್ಷದಲ್ಲಿ ಎಲ್ಲ ತೀರುತ್ತದಲ್ಲ ಎಂಬ ವಾದವಿದೆ. ಹೋದವರು ತೀರಿಸಿದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಗಲ್ಫ್‌ನವರು ಸಾಮಾನ್ಯವಾಗಿ ಅನುಭವ ಕೇಳುತ್ತಾರೆ, ಜರ್ಮನಿಗೆ ಭಾಷೆ ಕಲಿಯಬೇಕು. ಆ ಅನುಭವ ಗಳಿಸುವುದು ಇಲ್ಲಿನ ಸಂಬಳದಲ್ಲೇ, ಕಂತು ಶುರುವಾಗುವುದೂ ಆಗಲೇ. ಸರ್ಕಾರಿ ಕೆಲಸದ ಮಾತೂ ಹೀಗೇ. ಕೇಂದ್ರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಮೂಲ ವೇತನ 44,900 ಎಂಬುದು ನಿಜ; ಆದರೆ ಸ್ಪರ್ಧೆ ದೇಶದ್ದು, ಬ್ಯಾಂಕು ಕಾಯುವುದು ಒಂದೇ ವರ್ಷ. ನಲವತ್ತು ವರ್ಷ ಅನ್ನ ಕೊಡುವ ಓದು ಎನ್ನುವುದು ಇದ್ದುದರಲ್ಲಿ ಗಟ್ಟಿ ವಾದ. ಅದಕ್ಕೇ ನಾನು ಓದು ಬೇಡ ಎನ್ನುತ್ತಿಲ್ಲ, ಆ ಬೆಲೆಗೆ ಬೇಡ ಎನ್ನುತ್ತಿದ್ದೇನೆ.

ಏಕೆಂದರೆ ಅದೇ ಡಿಗ್ರಿಗೆ ಎರಡು ಬೆಲೆ. 2023ರಿಂದ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಇಟಿ ಮೂಲಕವೂ ಸಿಗುತ್ತದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’ ಸಾಲ ಶೇ 2ರ ಬಡ್ಡಿಗೆ ಇರುವುದೂ ಸಿಇಟಿ ಸೀಟಿನವರಿಗೆ. ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಜಾಗವಿಲ್ಲ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. ಕಾಲೇಜಿಗೆ ಮಾನ್ಯತೆ ಇರಬೇಕು, ಆದಾಯ ಪ್ರಮಾಣಪತ್ರ ಸಮಯಕ್ಕೆ ಬ್ಯಾಂಕಿಗೆ ತಲುಪಬೇಕು. ಮೇಲಿನ ಲೆಕ್ಕದಲ್ಲಿ ಅಷ್ಟರಿಂದಲೇ 1 ಲಕ್ಷ 40 ಸಾವಿರ ಉಳಿಯುತ್ತದೆ. ಏಜೆಂಟನಿಗೆ ಕಮಿಷನ್ ಇರುವುದು ಮ್ಯಾನೇಜ್‌ಮೆಂಟ್ ಸೀಟಿನಲ್ಲಿ, ಆದ್ದರಿಂದ ಇವು ಯಾವುವೂ ಅವನ ಬಾಯಲ್ಲಿ ಬರುವುದಿಲ್ಲ. ಸಹಿ ಹಾಕುವ ಮೊದಲು ಒಂದು ದಿನ ಮೈಸೂರಿಗೆ ಹೋಗಿ, ನಾಲ್ಕು ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸಕ್ಕಿರುವ ಹೊಸ ಹುಡುಗಿಯರನ್ನೇ ಕೇಳಿ: ಎಲ್ಲ ಕಡಿತವಾಗಿ ಕೈಗೆ ಎಷ್ಟು ಬರುತ್ತದಮ್ಮಾ? ಅದರ ನಾಲ್ಕನೇ ಒಂದು ಭಾಗಕ್ಕಿಂತ ಕಂತು ಜಾಸ್ತಿಯಾದರೆ ಆ ಸೀಟು ಬಿಟ್ಟುಬಿಡಿ.